ಏಳು ಎಂದಾಗ ಎದ್ದವಳು

ಬೆಡ್‌ಶೀಟ್ ಮಡಚುವುದಕ್ಕೆ ಇಬ್ಬರು ಬೇಕು. ಒಬ್ಬಳು ಈ ಕೊನೆ, ಇನ್ನೊಬ್ಬಳು ಆ ಕೊನೆ ಹಿಡಿದು ಜಗ್ಗಿ, ಒಮ್ಮೆ ಕೊಡವಿ, ಅಂಚಿಗೆ ಅಂಚು ಕೂಡಿಸಿ, ಎದುರುಬದುರು ನಡೆದು ಬಂದು ಒಬ್ಬಳ ಬೆರಳಿನಿಂದ ಇನ್ನೊಬ್ಬಳು ಮೂಲೆಗಳನ್ನು ತೆಗೆದುಕೊಳ್ಳಬೇಕು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹೀಗೆ ದಿನವೂ ನೂರಾರು ಸಲ ಎದುರುಬದುರು ನಡೆದ ಹೆಂಗಸರು ಇಬ್ಬರು. ಒಬ್ಬಳಿಗೆ ಬಾಗಿಲ ಚೌಕಟ್ಟು ತಲೆಗೆ ತಾಗುತ್ತಿತ್ತು. ಅವಳನ್ನು ಎಲ್ಲರೂ ಉದ್ದಕ್ಕ ಎನ್ನುತ್ತಿದ್ದರು. ಇನ್ನೊಬ್ಬಳು ಅವಳ ಭುಜಕ್ಕೂ ಬರುತ್ತಿರಲಿಲ್ಲ. ಹಾಗಾಗಿ ಅವರು ಹಿಡಿದ ಶೀಟು ಯಾವಾಗಲೂ ಒಂದು ಕಡೆಗೆ ಇಳಿಜಾರು. ಆದರೂ ಮಡಿಕೆ ಮಾತ್ರ ನೂಲು ಹಿಡಿದಷ್ಟು ನೇರ.

ಆ ಗಿಡ್ಡ ಹೆಂಗಸಿಗೆ ಲಾಂಡ್ರಿಯ ಹೊರಗೆ ಇನ್ನೊಂದು ಹೆಸರಿತ್ತು. ಊರಿನಲ್ಲಿ ಒಬ್ಬ ಗಾಯಕಿಯ ಅಭಿಮಾನಿಗಳಿದ್ದರು, ಸಾವಿರಾರು ಮಂದಿ. ಅವರೆಲ್ಲರಿಗೂ ಅವಳು ಮೊದಲಕ್ಕ.

ರೋಲರ್ ಇಸ್ತ್ರಿಯ ಬಾಯಿಂದ ಬಿಸಿ ಶೀಟು ಹೊರಬರುವಾಗ ಅದನ್ನು ಬರಿಗೈಯಲ್ಲೇ ಹಿಡಿಯಬೇಕು. ಹಿಡಿದು ಹಿಡಿದು ಮೊದಲಕ್ಕನ ಬೆರಳ ತುದಿಗಳು ನುಣುಪಾಗಿದ್ದವು. ಹಾಜರಿ ಹಾಕುವ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅದು ಮೂರು ಸಲ "ಮತ್ತೆ ಪ್ರಯತ್ನಿಸಿ" ಎನ್ನುತ್ತಿತ್ತು. ನಾಲ್ಕನೆಯ ಸಲ ಕಾವಲಿನವನು ಬಂದು ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಿದ್ದ. "ನೀನು ಇಲ್ಲವೇ ಇಲ್ಲ ಅಂತಿದೆ ಯಂತ್ರ," ಎಂದು ಅವನು ನಗುತ್ತಿದ್ದ. "ಹಾಗಾದ್ರೆ ಇವತ್ತಿನ ಶೀಟು ಅದಕ್ಕೇ ಮಡಚೋಕೆ ಹೇಳು," ಎಂದು ಅವಳು ಒಳಗೆ ಹೋಗುತ್ತಿದ್ದಳು.

"ನಾಳೆ ಅರ್ಧ ದಿನ ರಜೆ ಹಾಕಿದ್ದೀಯಂತೆ," ಎಂದಳು ಉದ್ದಕ್ಕ, ತನ್ನ ಕೊನೆಯನ್ನು ಕೊಡವುತ್ತ.

"ಮೂರು ಗಂಟೆ ಆಟಕ್ಕೆ. ಮಗಳೂ ಬರ್ತಾಳೆ."

"ಸಿನಿಮಾದಲ್ಲಿ ನಿನ್ನ ಮುಖ ಬರುತ್ತಂತೆ?"

"ಬೆನ್ನು ಬರುತ್ತೆ. ಮುಖ ಒಂದೇ ಕ್ಷಣ. ಅದೂ ಮಸುಕು."

"ಒಳ್ಳೇದಾಯ್ತು ಬಿಡು. ಸ್ಪಷ್ಟ ಇದ್ದಿದ್ರೆ ಜೊಲ್ಲೂ ಕಾಣ್ತಿತ್ತು."

ಮೊದಲಕ್ಕ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. "ಬಾಯಿ ಮುಚ್ಕೊಂಡು ಮಡಚು," ಎಂದಳು.

ಇಪ್ಪತ್ನಾಲ್ಕು ವರ್ಷಗಳ ಹಿಂದೆ ಆಸ್ಪತ್ರೆಗೆ ಐವತ್ತು ತುಂಬಿದಾಗ ಸಿಬ್ಬಂದಿಗಾಗಿ ಒಂದು ಮಧ್ಯಾಹ್ನ ಹಾಡಿನ ಕಾರ್ಯಕ್ರಮ ಇಟ್ಟಿದ್ದರು. ಹಾಡಲು ಬಂದವಳು ಆಗ ಯಾರಿಗೂ ಗೊತ್ತಿಲ್ಲದ ಹುಡುಗಿ. ಕೊನೆಯ ಹಾಡು ಒಂದು ಕಟ್ಟಡದ ಮಹಡಿಗಳನ್ನು ಎಣಿಸುತ್ತ ಏರುವ ಹೆಣ್ಣಿನದು. ಐದರಲ್ಲಿ ಅಕ್ಕನ ಮನೆ, ಆರರಲ್ಲಿ ಬೀಗ ಹಾಕಿದ ಕೋಣೆ, ಅಲ್ಲಿ ವಾದ್ಯಗಳೆಲ್ಲ ನಿಲ್ಲುತ್ತವೆ, ಎರಡು ಉಸಿರಿನಷ್ಟು ಮೌನ, ಆಮೇಲೆ ಅವಳ ಬರಿಯ ದನಿ: "ಏಳು." ಏಳನೆಯ ಮಹಡಿ, ಮೇಲೆ ಬಯಲು ಆಕಾಶ. ಆ ದಿನ ಅವಳು "ಏಳು" ಎಂದಾಗ ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ಥಟ್ಟನೆ ಎದ್ದು ನಿಂತಳು. ಸಭೆ ನಕ್ಕಿತು. ಹುಡುಗಿ ಕೂರಲಿಲ್ಲ. ಗಾಯಕಿ ಅವಳನ್ನೇ ನೋಡುತ್ತ ಇನ್ನೊಮ್ಮೆ "ಏಳು" ಎಂದಳು, ಈ ಸಲ ಎಲ್ಲರಿಗೂ. ಒಬ್ಬೊಬ್ಬರಾಗಿ ಇಡೀ ಸಭೆ ಎದ್ದಿತು.

ಎಕ್ಸ್‌ರೇ ವಿಭಾಗದವನೊಬ್ಬ ಅದನ್ನು ತನ್ನ ಕ್ಯಾಮೆರಾದಲ್ಲಿ ಹಿಡಿದಿದ್ದ. ಆ ತುಣುಕು ಊರೂರು ಸುತ್ತಿತು. ಗಾಯಕಿ ದೊಡ್ಡವಳಾದಳು. ಅವಳು ಎಲ್ಲೇ ಹಾಡಲಿ, "ಏಳು" ಬಂದೊಡನೆ ಕೂತವರೆಲ್ಲ ಏಳುವುದು ಪದ್ಧತಿಯಾಯಿತು. ಅಭಿಮಾನಿಗಳು ತಮ್ಮನ್ನು ಏಳಿನವರು ಎಂದು ಕರೆದುಕೊಂಡರು, ಅಂಗಿಗೆ ೭ ಎಂದು ಬರೆದ ಬಿಲ್ಲೆ ಚುಚ್ಚಿಕೊಂಡರು. ಮನೆಯಲ್ಲಿ ಹೊಡೆತ ತಿನ್ನುತ್ತಿದ್ದವರು, ಕೆಲಸದಲ್ಲಿ ತಲೆ ತಗ್ಗಿಸಿ ನಡೆದವರು, ತಮ್ಮ ಪತ್ರಗಳ ಕೊನೆಗೆ "ಎದ್ದಿದ್ದೇನೆ" ಎಂದು ಬರೆಯುತ್ತಿದ್ದರು. ಮೊದಲು ಎದ್ದ ಆ ಹುಡುಗಿ ಯಾರೆಂದು ಹುಡುಕಿಕೊಂಡು ಬಂದಾಗ ಅವಳು ಲಾಂಡ್ರಿಯಲ್ಲಿ ಶೀಟು ಮಡಚುತ್ತಿದ್ದಳು.

"ಯಾಕೆ ಎದ್ರಿ ಅಕ್ಕ?" ಎಂದು ಕೇಳಿದ್ದರು.

"ಹಾಡು ಎದೆಗೆ ತಾಗ್ತು. ಎದ್ದೆ," ಎಂದಿದ್ದಳು.

ಅದು ಸುಳ್ಳು. ಚಿಕ್ಕ ಸುಳ್ಳು, ಜೇಬಿನಲ್ಲಿ ಹಿಡಿಯುವಂಥದ್ದು. ಆದರೆ ಅದನ್ನು ಹೇಳಿದ ದಿನದಿಂದ ಅದು ಬೆಳೆಯುತ್ತ ಹೋಯಿತು. ವರ್ಷಕ್ಕೊಮ್ಮೆ ಏಳಿನವರು ಸೇರಿದಾಗ ಮೊದಲು ಏಳುವವಳು ಅವಳೇ. ಅವಳ ಮಗಳು ಆ ಸುಳ್ಳನ್ನು ಕೇಳಿಯೇ ಬೆಳೆದಳು. ಹತ್ತನೆಯ ತರಗತಿಯಲ್ಲಿ ಪಕ್ಕದ ಹುಡುಗಿಯ ಮೇಲೆ ಮೇಷ್ಟ್ರು ಕಳ್ಳತನ ಹೊರಿಸಿದಾಗ ಮಗಳು ಎದ್ದು, "ಅವಳಲ್ಲ," ಎಂದಳಂತೆ. "ಕೂರು" ಎಂದರೂ ಕೂರದೆ ಇಡೀ ಪೀರಿಯಡ್ ನಿಂತಳಂತೆ. ಮನೆಗೆ ಬಂದು ಚೀಲ ಇಳಿಸುವ ಮುಂಚೆಯೇ ಹೇಳಿದ್ದಳು: "ನಾನೂ ನಿಂತೆ ಅಮ್ಮ, ನಿನ್ನ ಹಾಗೇ." ಆ ದಿನ ನಿಜ ಹೇಳಬಹುದಿತ್ತು. ಮೊದಲಕ್ಕ ಮಗಳ ಕಾಲು ಒತ್ತಿದಳು, ಹೇಳಲಿಲ್ಲ.

ಈಗ ಗಾಯಕಿಯ ಬದುಕಿನ ಮೇಲೆ ಸಾಕ್ಷ್ಯಚಿತ್ರ ಬಂದಿತ್ತು. ಚಿತ್ರಮಂದಿರದಲ್ಲಿ ಒಂದೇ ವಾರ, ದಿನಕ್ಕೆ ಎರಡು ಆಟ. ಶುಕ್ರವಾರ ಮೂರು ಗಂಟೆಗೆ ಬಾಗಿಲ ಬಳಿ ಏಳಿನವರು ಜಾತ್ರೆ ನೆರೆದಂತೆ ನೆರೆದಿದ್ದರು. ಬ್ಯಾಂಕಿನ ಹೆಂಗಸರು ಕೆನ್ನೆಗೆ ಮಿಂಚು ಬಳಿದುಕೊಂಡಿದ್ದರು. ಕಾಲೇಜಿನ ಹುಡುಗಿಯರ ನಡುವೆ ಊರುಗೋಲು ಹಿಡಿದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು. ಎಲ್ಲರ ಮುಂದೆ ಹಲ್ಲಿನ ಡಾಕ್ಟರು. ಏಳಿನವರ ಸಂಘಕ್ಕೆ ಅವರೇ ಹಿರಿಯರು. ಕ್ಲಿನಿಕ್ಕಿನಲ್ಲಿ ಬಿಳಿ ಕೋಟು, ಇಲ್ಲಿ ಹೊಳೆಯುವ ಹರಳಿನ ಕೋಟು.

"ಬನ್ನಿ ಅಕ್ಕ, ನಿಮಗೆ ನಡುಮಧ್ಯದ ಸೀಟು," ಎಂದು ಕೈ ಹಿಡಿದು ಕರೆದೊಯ್ದರು. ದಾರಿಯುದ್ದಕ್ಕೂ ಜನ "ಮೊದಲಕ್ಕ, ಮೊದಲಕ್ಕ" ಎಂದು ಅವಳ ತೋಳು ಮುಟ್ಟಿದರು. ಮಗಳು ಹಿಂದೆ ನಗುತ್ತ ಬಂದಳು. ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕಿದ್ದಳು. ಆ ದಿನ ಅಂಗಡಿಯ ಮಾಲೀಕನಿಗೆ "ನಮ್ಮಮ್ಮ ಸಿನಿಮಾದಲ್ಲಿದ್ದಾರೆ" ಎಂದೇ ಹೇಳಿ ರಜೆ ಪಡೆದಿದ್ದಳು.

ಚಿತ್ರದ ನಡುವೆ ಆ ತುಣುಕು ಬಂತು. ಮೂರನೆಯ ಸಾಲು, ಗಿಡ್ಡ ಬೆನ್ನು. ಸಭಾಂಗಣ ಹೋ ಎಂದಿತು. ತುಣುಕು ಅಲ್ಲೇ ನಿಂತಿತು, ಪರದೆಯ ಮೇಲೆ ಗಾಯಕಿಯ ಹಳೆಯ ಮ್ಯಾನೇಜರ್ ಬಂದ. ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ಕೈಯಲ್ಲಿ ಲೋಟ.

"ಆ ಹುಡುಗೀನಾ?" ಎಂದು ಅವನು ನಕ್ಕ. "ಅದು ನಮ್ಮದೇ ಏರ್ಪಾಡು. ಹೊಸ ಗಾಯಕಿ, ಯಾರೂ ಗಮನ ಕೊಡ್ತಿರಲಿಲ್ಲ. ಒಬ್ಬಳನ್ನ ಕೂರಿಸಿ, ಏಳು ಅಂದ ತಕ್ಷಣ ಏಳಮ್ಮ, ಏನೇ ಆದ್ರೂ ಕೂರಬೇಡ ಅಂತ ಹೇಳಿಕೊಟ್ವಿ. ಒಂದು ಊಟ ಕೊಡಿಸಿದ್ವಿ ಅನ್ಸುತ್ತೆ."

ಅವನ ನಂತರ ಗಾಯಕಿ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. "ನನಗೆ ನೆನಪಿಲ್ಲ," ಎಂದಳು. "ದೀಪ ಕಣ್ಣಿಗೆ ಹೊಡೀತಿತ್ತು. ಯಾರೋ ಎದ್ದರು."

ಅಷ್ಟೇ. ಕೂಡಲೇ ಹಾಡು ಶುರುವಾಯಿತು. ಒಂದು, ಎರಡು, ಮೂರು. ಕತ್ತಲಲ್ಲಿ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಯಾರೋ "ಛೇ" ಎಂದರು. ಮುಂದಿನ ಸಾಲಿನ ಹುಡುಗಿಯರು ತಿರುಗಿ ಮೊದಲಕ್ಕನನ್ನು ನೋಡಿದರು. ಹಾಡು ಆರನ್ನು ದಾಟಿ ಮೌನಕ್ಕೆ ಬಂತು. "ಏಳು." ಅರ್ಧ ಜನ ಎದ್ದರು. ಉಳಿದವರು ಇದು ನಮ್ಮ ಸ್ಟಾಪೋ ಅಲ್ಲವೋ ಎಂದು ಅನುಮಾನಿಸುವ ಬಸ್ಸಿನ ಪ್ರಯಾಣಿಕರಂತೆ ಮೊಣಕಾಲು ಬಗ್ಗಿಸಿಕೊಂಡೇ ನಿಂತುಬಿಟ್ಟರು. ಮೊದಲಕ್ಕನಿಗೆ ಏಳಲೂ ಆಗಲಿಲ್ಲ.

ಹೊರಗೆ ಬಂದಾಗ ಹಲ್ಲಿನ ಡಾಕ್ಟರು ಓಡಿ ಬಂದರು. "ಅಕ್ಕ, ನೀವು ಯಾರ ಹತ್ತಿರಾನೂ ಏನೂ ಮಾತಾಡಬೇಡಿ. ನಾನು ನೋಡ್ಕೊಳ್ತೀನಿ."

"ಊಟ ಅಂತೆ," ಎಂದಳು ಅವಳು. "ಒಂದು ಲೋಟ ನೀರೂ ಕೊಡಲಿಲ್ಲ ಅವರು."

"ನನಗೆ ಗೊತ್ತಿಲ್ವಾ ಅಕ್ಕ?"

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಮೂರು ಸ್ಟಾಪು ಕಳೆದ ಮೇಲೆ ಕೇಳಿದಳು.

"ಅಮ್ಮ, ಅವನು ಹೇಳಿದ್ದು ನಿಜಾನಾ?"

"ಸುಳ್ಳು. ಅವನ ಮುಖಾನೇ ನಾನು ನೋಡಿಲ್ಲ."

"ಸರಿ. ಹಾಗಾದ್ರೆ ಹಾಡು ಎದೆಗೆ ತಾಗಿ ಎದ್ದಿದ್ದು ನಿಜ."

ಮೊದಲಕ್ಕ ಟಿಕೆಟ್ಟನ್ನು ಮಡಚಿದಳು. ಅಂಚಿಗೆ ಅಂಚು, ಮತ್ತೊಮ್ಮೆ, ಇನ್ನೊಮ್ಮೆ, ಇನ್ನು ಮಡಚಲಾಗದಷ್ಟು ಚಿಕ್ಕದಾಗುವವರೆಗೆ.

"ಅಮ್ಮ?"

"ಮನೆ ಬಂತು, ಇಳಿ," ಎಂದಳು. ಮನೆ ಇನ್ನೂ ಎರಡು ಸ್ಟಾಪು ದೂರವಿತ್ತು. ಇಬ್ಬರೂ ಇಳಿದು ನಡೆದರು.

ಮಾರನೆಯ ದಿನ ಲಾಂಡ್ರಿಯಲ್ಲಿ ಎಲ್ಲರಿಗೂ ಸುದ್ದಿ ತಲುಪಿತ್ತು. ವಾರ್ಡಿನಿಂದ ಕೊಳೆ ಬಟ್ಟೆ ತರುವವಳು ಚೀಲ ಇಳಿಸುತ್ತ, "ಏನಕ್ಕ, ಊಟ ಚೆನ್ನಾಗಿತ್ತಾ?" ಎಂದಳು. ಉದ್ದಕ್ಕ ಅವಳನ್ನು ನೋಡಿದ ರೀತಿಗೆ ಅವಳು ಚೀಲವನ್ನು ಅಲ್ಲೇ ಬಿಟ್ಟು ಹೋದಳು.

ಡ್ರಮ್ಮುಗಳು ತಿರುಗುವ ಸದ್ದಿನಲ್ಲಿ ಪಿಸುಮಾತು ಸಾಗುವುದಿಲ್ಲ. ಲಾಂಡ್ರಿಯವರ ಗುಟ್ಟೂ ಕೂಗಿಯೇ ಹೇಳಬೇಕು.

"ನಾನು ಹೇಳ್ತೀನಿ ಎಲ್ಲರಿಗೂ," ಎಂದು ಉದ್ದಕ್ಕ ಕೂಗಿದಳು. "ಪಕ್ಕದಲ್ಲೇ ಕೂತಿದ್ದೆ. ಗೊರಕೆ ಹೊಡೀತಿದ್ದೆ ನೀನು."

"ಗೊರಕೆ ಹೊಡೀತಿರಲಿಲ್ಲ."

"ಹೊಡೀತಿದ್ದೆ. ಕೊಳಲು ಬಾರಿಸೋನು ಎರಡು ಸಲ ತಿರುಗಿ ನೋಡಿದ."

ನಿಜ ಅದೇ. ಆಗ ಮೊದಲಕ್ಕ ಅಣ್ಣನ ಮನೆಯಲ್ಲಿದ್ದಳು, ಅಡುಗೆಮನೆಯ ನೆಲದ ಮೇಲೆ ಮಲಗುತ್ತಿದ್ದಳು. ಲಾಂಡ್ರಿಗೆ ಐದು ಗಂಟೆಗೆ ಹೋಗಬೇಕು. ಅದಕ್ಕೂ ಮೊದಲು ಮನೆಯ ನೀರು ತುಂಬಬೇಕು. ಅತ್ತಿಗೆ ಬಾಗಿಲಲ್ಲಿ ನಿಂತು ಒಂದೇ ಸಲ ಅನ್ನುತ್ತಿದ್ದಳು: "ಏಳು." ಎರಡನೆಯ ಸಲ ಮಾತಿರಲಿಲ್ಲ, ಒಂದು ಚೊಂಬು ತಣ್ಣೀರು ಮುಖದ ಮೇಲೆ. ಎರಡು ವರ್ಷ ಹೀಗೆ ಕಳೆದ ಮೈಗೆ ಆ ಒಂದು ಶಬ್ದ ಸಾಕಾಗಿತ್ತು. ಕಿವಿಗೆ ಬಿದ್ದ ಕೂಡಲೇ ಕಾಲು ನೆಲ ಮುಟ್ಟುತ್ತಿತ್ತು, ಕಣ್ಣು ಆಮೇಲೆ ತೆರೆಯುತ್ತಿತ್ತು. ಆ ಮಧ್ಯಾಹ್ನ ಮೂರನೆಯ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ, ತಣ್ಣನೆಯ ಫ್ಯಾನಿನ ಕೆಳಗೆ, ಮೊದಲನೆಯ ಹಾಡಿಗೇ ಅವಳಿಗೆ ನಿದ್ದೆ ಹತ್ತಿತ್ತು. ಗಾಯಕಿ ಎಣಿಸಿದ್ದು ಮಹಡಿಯನ್ನು. ಇವಳಿಗೆ ಕೇಳಿಸಿದ್ದು ಅತ್ತಿಗೆ.

"ಹೇಳಿಬಿಡೆ," ಎಂದಳು ಉದ್ದಕ್ಕ. "ನಿದ್ದೆ ಮಾಡಿದ್ದು ಕಳ್ಳತನ ಅಲ್ವಲ್ಲ."

"ಇಪ್ಪತ್ನಾಲ್ಕು ವರ್ಷ ಬೇರೆ ಹೇಳಿದ್ದೀನಿ. ಮಗಳಿಗೂ ಅದನ್ನೇ ಹೇಳಿದ್ದೀನಿ. ಈಗ ನಿದ್ದೆ ಅಂದ್ರೆ ಯಾರು ನಂಬ್ತಾರೆ? ಒಂದು ಸುಳ್ಳು ಹೇಳಿದವಳು ಎರಡು ಹೇಳಲ್ವಾ ಅಂತಾರೆ."

"ಹಾಗಾದ್ರೆ ಊಟಕ್ಕೆ ಎದ್ದವಳು ಅಂತಲೇ ಇರು."

ಮೊದಲಕ್ಕ ಮುಂದಿನ ಶೀಟು ಎತ್ತಿಕೊಂಡಳು. ಶೀಟಿನ ನಡುವೆ ಔಷಧದ ಹಳದಿ ಕಲೆಯೊಂದು ಉಳಿದಿತ್ತು. ಅದನ್ನು ಮಡಿಕೆಯ ಒಳಗೆ ಹಾಕುವುದು ಸುಲಭ; ಮೇಲಿನಿಂದ ನೋಡಿದವರಿಗೆ ಶೀಟು ಬೆಳ್ಳಗೇ ಕಾಣುತ್ತದೆ. ಅವಳು ಅದನ್ನು ಬಿಡಿಸಿ ಮತ್ತೆ ಒಗೆಯುವ ಬುಟ್ಟಿಗೆ ಎಸೆದಳು.

ಮಂಗಳವಾರ ಸಂಜೆ ಹಲ್ಲಿನ ಡಾಕ್ಟರು ಮನೆಗೆ ಬಂದರು. ಬಿಳಿ ಕೋಟಿನಲ್ಲೇ ಬಂದಿದ್ದರು. ಕೈಯಲ್ಲಿ ಟೈಪು ಮಾಡಿದ ಹಾಳೆ. ಗಂಡ ಲಾರಿಯ ಜೊತೆ ಊರಾಚೆ ಇದ್ದ, ಮಗಳು ಇನ್ನೂ ಅಂಗಡಿಯಿಂದ ಬಂದಿರಲಿಲ್ಲ.

"ಗುರುವಾರ ಕೊನೇ ಆಟ," ಎಂದರು ಡಾಕ್ಟರು. "ಆಟ ಮುಗಿದ ಮೇಲೆ ನೀವು ಇದನ್ನ ಓದ್ತೀರಿ. ನಮ್ಮವರೆಲ್ಲ ಮೊಬೈಲಲ್ಲಿ ಹಿಡಿದು ಹಂಚ್ತಾರೆ. ಆ ಮ್ಯಾನೇಜರ್ ಬಾಯಿ ಮುಚ್ಚುತ್ತೆ. ಕೇಳಿ: 'ಆ ಮೂರನೆಯ ಸಾಲಿನ ಹುಡುಗಿ ನಾನು. ನನ್ನನ್ನು ಯಾರೂ ಕೂರಿಸಲಿಲ್ಲ, ಯಾರೂ ಕಲಿಸಲಿಲ್ಲ. ಆ ಹಾಡು ನನ್ನ ಹೃದಯವನ್ನು ತಟ್ಟಿ ಎಬ್ಬಿಸಿತು.'"

"ಚೆನ್ನಾಗಿದೆ ಡಾಕ್ಟ್ರೇ. ಕೊನೇ ಸಾಲು ತೆಗೀರಿ."

"ಅದೇ ಮುಖ್ಯ ಸಾಲು."

"ಅದು ನಿಜ ಅಲ್ಲ. ನಾನು ನಿದ್ದೆ ಮಾಡ್ತಿದ್ದೆ."

ಡಾಕ್ಟರು ನಗಲು ಹೋಗಿ ಅವಳ ಮುಖ ನೋಡಿ ನಿಲ್ಲಿಸಿದರು. ಅವಳು ಎಲ್ಲವನ್ನೂ ಹೇಳಿದಳು. ಅತ್ತಿಗೆ, ಚೊಂಬು, ಗೊರಕೆ. ಹೇಳುವಾಗ ಕೈ ತಾನಾಗಿ ಮೇಜಿನ ಬಟ್ಟೆಯ ಸುಕ್ಕು ಬಿಡಿಸುತ್ತಿತ್ತು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?" ಎಂದರು ಅವರು, ಬಾಗಿಲ ಕಡೆ ನೋಡುತ್ತ.

"ಇಲ್ಲ."

"ಹೇಳಬೇಡಿ. ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ಎಷ್ಟು ಜನ ನಿಮ್ಮನ್ನ ನೋಡಿ ಎದ್ದಿದ್ದಾರೆ ಗೊತ್ತಾ? ನಾನು ನಮ್ಮಪ್ಪನ ಎದುರು ಮೊದಲನೇ ಸಲ ಎದ್ದು ನಿಂತಿದ್ದು ಆ ವಿಡಿಯೋ ನೋಡಿದ ದಿನ. ಅದು ಗೊರಕೆಯಿಂದ ಶುರುವಾಯ್ತು ಅಂತ ಹೇಳ್ಲಾ ನಾನು?"

"ನೀವು ಎದ್ದಿದ್ದು ನಿಮ್ಮದು ಡಾಕ್ಟ್ರೇ. ಅದನ್ನ ಯಾರೂ ಕಿತ್ಕೊಳ್ಳಲ್ಲ."

"ಒಂದೇ ಒಂದು ಸಾಲು. ಇಪ್ಪತ್ನಾಲ್ಕು ವರ್ಷ ಹೇಳಿದ್ದೀರಿ, ಇನ್ನೊಂದು ಸಲ ಹೇಳಿ."

"ಅವನು ನನ್ನ ಬಗ್ಗೆ ಸುಳ್ಳು ಹೇಳಿದ ಅಂತ ನಾನು ಕೂಗಬೇಕು. ಬಾಯಲ್ಲಿ ನನ್ನದೇ ಸುಳ್ಳು ಇಟ್ಕೊಂಡು ಹೇಗೆ ಕೂಗಲಿ?"

ಡಾಕ್ಟರು ಹಾಳೆಯನ್ನು ಮೇಜಿನ ಮೇಲೇ ಬಿಟ್ಟರು. "ಯೋಚನೆ ಮಾಡಿ," ಎಂದು ಹೊರಟರು. ಮೆಟ್ಟಿಲ ಬಳಿ ತಿರುಗಿ ನಿಂತು, "ನಿದ್ದೆ ಅಂದ್ರೆ ನಿಮ್ಮನ್ನ ಮೊದಲಕ್ಕ ಅಂತ ಯಾರೂ ಕರೆಯಲ್ಲ," ಎಂದರು. ಬೆದರಿಕೆಯ ದನಿಯಲ್ಲ; ಹಲ್ಲು ಉಳಿಯುವುದಿಲ್ಲ ಎಂದು ರೋಗಿಗೆ ಹೇಳುವ ದನಿ.

ಮಗಳು ಬಂದಾಗ ಹಾಳೆ ಅಲ್ಲೇ ಇತ್ತು. ಓದಿದಳು. ಅವಳ ಮುಖ ಅರಳಿತು.

"ಓದ್ತೀಯ ತಾನೆ ಅಮ್ಮ?"

"ಕೂತ್ಕೋ ಪುಟ್ಟಿ. ಊಟಕ್ಕೆ ಮುಂಚೆ ಹೇಳಿಬಿಡ್ತೀನಿ, ಆಮೇಲೆ ಹೇಳೋಕೆ ಧೈರ್ಯ ಸಾಲಲ್ಲ."

ಹೇಳಿದಳು. ಮಗಳು ಪೂರ್ತಿ ಕೇಳಿದಳು. ಅವಳ ಉಗುರಿನ ಸಂದಿಯಲ್ಲಿ ಗಾಜಿನ ಬಿಳಿ ಪುಡಿ ಇತ್ತು. ಅದನ್ನೇ ಕೆರೆಯುತ್ತ ಕೂತಿದ್ದಳು.

"ನಾನು ಶಾಲೆಯಲ್ಲಿ ಒಂದು ಪೀರಿಯಡ್ ನಿಂತೆ," ಎಂದಳು ಕೊನೆಗೆ. "ಕಾಲು ನಡುಗ್ತಿತ್ತು. ಅಮ್ಮ ನಿಂತಿದ್ದಳಲ್ಲ, ಅಂದ್ಕೊಂಡು ನಿಂತೆ. ನೀನು ನಿದ್ದೆಗಣ್ಣಲ್ಲಿ ಎದ್ದಿದ್ದಂತೆ."

"ಹೌದು."

"ಮನೆಗೆ ಬಂದು ಹೇಳಿದಾಗ ಯಾಕೆ ಸುಮ್ನಿದ್ದೆ?"

"ನಿನ್ನ ಮುಖ ನೋಡಿ ಹೇಳೋಕಾಗಲಿಲ್ಲ."

"ಈಗ ಆಯ್ತಲ್ಲ," ಎಂದಳು ಮಗಳು. ತಟ್ಟೆಯನ್ನು ತೆಗೆದುಕೊಂಡು ಒಳಕೋಣೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಸಂದಿಯಿಂದ ದನಿ ಬಂತು. "ಗುರುವಾರ ಟಿಕೆಟ್ ಆಗಿಹೋಗಿದೆ ಅಂತ ಬರ್ತೀನಿ. ನಿನ್ನ ಪಕ್ಕ ಕೂರಲ್ಲ."

ಗುರುವಾರ ಮೂರು ಗಂಟೆಗೆ ಮೊದಲಕ್ಕ ಕೆಲಸದ ನೀಲಿ ಅಂಗಿಯಲ್ಲೇ ಚಿತ್ರಮಂದಿರಕ್ಕೆ ಬಂದಳು. ಜೊತೆಗೆ ಉದ್ದಕ್ಕ. ಉದ್ದಕ್ಕ ಸಿನಿಮಾ ನೋಡಿ ಹನ್ನೆರಡು ವರ್ಷವಾಗಿತ್ತು. ಅವಳು ಕೂತ ಕೂಡಲೇ ಹಿಂದಿನವನೊಬ್ಬ, "ಅಮ್ಮ, ಕೂತ್ಕೊಳ್ಳಿ," ಎಂದ. "ಕೂತೇ ಇದ್ದೀನಪ್ಪ," ಎಂದಳು ಅವಳು. ನಡುಮಧ್ಯದ ಸೀಟಿಗೆ ಈ ಸಲ ಕೈ ಹಿಡಿದು ಕರೆದೊಯ್ದವರಿಲ್ಲ. ಹಲ್ಲಿನ ಡಾಕ್ಟರು ಪಕ್ಕದ ಸೀಟಿನಲ್ಲಿ ಹಾಳೆಯ ಇನ್ನೊಂದು ಪ್ರತಿ ಹಿಡಿದು ಕೂತಿದ್ದರು, ಕೊನೆಯ ಗಳಿಗೆಯಲ್ಲಾದರೂ ಇವಳ ಮನಸ್ಸು ಬದಲಾದೀತು ಎಂದು. ಮಗಳು ಎರಡು ಸಾಲು ಹಿಂದೆ, ತನ್ನ ಅಂಗಡಿಯ ಹುಡುಗಿಯರ ಜೊತೆ.

ಪರದೆಯ ಮೇಲೆ ಮ್ಯಾನೇಜರ್ ಲೋಟ ಹಿಡಿದು ಬಂದ. "ಒಂದು ಊಟ ಕೊಡಿಸಿದ್ವಿ ಅನ್ಸುತ್ತೆ."

ಮೊದಲಕ್ಕ ಎದ್ದಳು.

"ಆಟ ಮುಗೀಲಿ ಅಕ್ಕ," ಎಂದು ಡಾಕ್ಟರು ಪಿಸುಗುಟ್ಟಿದರು.

"ಮುಗಿದ ಮೇಲೆ ಜನ ಹೋಗ್ತಾರೆ," ಎಂದು ಅವಳು ದನಿ ಎತ್ತಿದಳು. ಇಪ್ಪತ್ತಾರು ವರ್ಷ ಡ್ರಮ್ಮಿನ ಸದ್ದಿನ ಮೇಲೆ ಮಾತಾಡಿದ ದನಿ ಅದು. ಕೊನೆಯ ಸಾಲಿನವರೆಗೂ ಹೋಯಿತು. "ಆ ಹುಡುಗಿ ನಾನು. ಈ ಮನುಷ್ಯನನ್ನ ನಾನು ಇದೇ ಪರದೆ ಮೇಲೆ ಮೊದಲು ನೋಡಿದ್ದು. ನನಗೆ ಯಾರೂ ಊಟ ಕೊಡಿಸಲಿಲ್ಲ, ಯಾರೂ ಏನೂ ಹೇಳಿಕೊಡಲಿಲ್ಲ. ಇವನು ಹೇಳಿದ್ದು ಸುಳ್ಳು."

ಯಾರೋ ಚಪ್ಪಾಳೆ ತಟ್ಟಿದರು. ಅಲ್ಲಲ್ಲಿ ಮೊಬೈಲುಗಳು ಮೇಲೆದ್ದವು. ಡಾಕ್ಟರು ಉಸಿರು ಬಿಟ್ಟರು.

"ತಡೀರಿ, ಮುಗಿದಿಲ್ಲ," ಎಂದಳು ಮೊದಲಕ್ಕ. "ಹಾಡು ಎದೆಗೆ ತಾಗಿ ಎದ್ದೆ ಅಂತ ನಾನು ನಿಮಗೆ ಹೇಳಿದ್ದೂ ಸುಳ್ಳು. ನಾನು ಹಾಡು ಕೇಳಲೇ ಇಲ್ಲ. ನಿದ್ದೆ ಮಾಡ್ತಿದ್ದೆ. ಅವರು ಏಳು ಅಂತ ಲೆಕ್ಕ ಹೇಳಿದ್ರು. ನಮ್ಮ ಅತ್ತಿಗೆ ಎಬ್ಬಿಸಿದ್ಳು ಅಂದ್ಕೊಂಡು ಎದ್ದುಬಿಟ್ಟೆ."

ಚಪ್ಪಾಳೆ ನಿಂತಿತು. ಪೋಸ್ಟ್‌ಮಾಸ್ಟರು ಮೊದಲು ನಕ್ಕರು, ಆಮೇಲೆ ಬ್ಯಾಂಕಿನವರು, ಆಮೇಲೆ ಸಾಲು ಸಾಲೇ. ಎಲ್ಲರೂ ಅಲ್ಲ. ಒಬ್ಬ ಹುಡುಗಿ, "ಇಷ್ಟು ವರ್ಷ ನಮ್ಮನ್ನ ಕೋತಿ ಮಾಡಿದ್ರಾ?" ಎಂದಳು. ಯಾರೋ "ಕೂತ್ಕೊಳ್ಳಿ ಸಾಕು" ಎಂದರು. ಹಲ್ಲಿನ ಡಾಕ್ಟರು ಹಾಳೆಯಿಂದ ಮುಖ ಮುಚ್ಚಿಕೊಂಡರು.

"ನಿದ್ದೆ ಅಂತ ಏನು ಸಾಕ್ಷಿ?" ಎಂದಿತು ಒಂದು ದನಿ.

"ನಾನು ಸಾಕ್ಷಿ," ಎಂದಳು ಉದ್ದಕ್ಕ, ಕೂತಲ್ಲಿಂದಲೇ. "ಗೊರಕೆ ಕೂಡ ಹೊಡೀತಿದ್ದಳು."

ನಗು ಇನ್ನೂ ಜೋರಾಯಿತು. ಅದರ ನಡುವೆ ಎರಡು ಸಾಲು ಹಿಂದಿನಿಂದ ಒಂದು ಪ್ರಶ್ನೆ ಬಂತು. ನಗುವಿಲ್ಲದ ದನಿ.

"ಮತ್ತೆ ಯಾಕೆ ಕೂತ್ಕೊಳ್ಳಲಿಲ್ಲ?"

ಮೊದಲಕ್ಕ ತಿರುಗಿದಳು. ಮಗಳು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಪರದೆಯ ಬೆಳಕು ಅವಳ ಮುಖದ ಮೇಲೆ ಬರುತ್ತ ಹೋಗುತ್ತಿತ್ತು.

"ಎದ್ದಿದ್ದು ನಿದ್ದೆಯಲ್ಲಿ. ಸರಿ," ಎಂದಳು ಮಗಳು. "ಎಲ್ಲರೂ ನಕ್ಕರಲ್ಲ, ಆಗ ಎಚ್ಚರ ಆಗಿರಬೇಕಲ್ಲ. ವಿಡಿಯೋದಲ್ಲಿ ಹನ್ನೊಂದು ಸೆಕೆಂಡು ಒಬ್ಬಳೇ ನಿಂತಿದ್ದೀಯ. ಯಾಕೆ ಕೂರಲಿಲ್ಲ?"

ಈ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಎದ್ದ ಕಾರಣವನ್ನು ಮುಚ್ಚಿಡುವುದರಲ್ಲೇ ವರ್ಷಗಳು ಕಳೆದಿದ್ದವು; ನಿಂತ ಕಾರಣವನ್ನು ಅವಳು ತೆಗೆದು ನೋಡಿರಲೇ ಇಲ್ಲ.

"ಎಚ್ಚರ ಆಗಿತ್ತು," ಎಂದಳು ನಿಧಾನವಾಗಿ. ಸಭಾಂಗಣದ ನಗು ಇಳಿಯಿತು. "ಎದ್ದ ಮೇಲೆ ಗೊತ್ತಾಯ್ತು, ಅದು ಅತ್ತಿಗೆ ಅಲ್ಲ ಅಂತ. ಎಲ್ಲರೂ ನಗ್ತಿದ್ರು. ವಾರ್ಡಿನವರು, ಆಫೀಸಿನವರು, ದೊಡ್ಡ ಡಾಕ್ಟ್ರು ಕೂಡ. ಇವಳು ಪಕ್ಕದಲ್ಲಿ ತೋಳು ಹಿಡಿದು ಜಗ್ತಿದ್ಳು, ಕೂತ್ಕೊಳ್ಳೆ ಕೂತ್ಕೊಳ್ಳೆ ಅಂತ."

"ಜಗ್ಗಿದ್ದು ಹೌದು," ಎಂದಳು ಉದ್ದಕ್ಕ.

"ನಾನು ದಿನಾ ಏಳು ಅಂದ್ರೆ ಏಳ್ತಿದ್ದೆ. ಕೂರು ಅಂದ್ರೆ ಕೂರ್ತಿದ್ದೆ. ಆವತ್ತು ಯಾರೂ ಎಬ್ಬಿಸದೇನೇ ಎದ್ದಿದ್ದೆ. ಮೊದಲನೇ ಸಲ. ತಪ್ಪಾಗಿ ಎದ್ದಿದ್ದು, ಗೊತ್ತು. ಆದ್ರೂ ಎದ್ದಿದ್ದೀನಲ್ಲ, ಇವರು ನಕ್ಕರು ಅಂತ ಯಾಕೆ ಕೂರಲಿ ಅನ್ನಿಸ್ತು. ನಗೋರು ನಗಲಿ ಅಂತ ನಿಂತೆ. ಕಾಲು ನಡುಗ್ತಿತ್ತು ಪುಟ್ಟಿ. ನಿಂತೆ. ಅದನ್ನ ನನಗೆ ಯಾರೂ ಹೇಳಿಕೊಟ್ಟಿಲ್ಲ. ಇವನೂ ಅಲ್ಲ, ಆ ಹಾಡೂ ಅಲ್ಲ."

ಅಷ್ಟರಲ್ಲಿ ಹಾಡು ಶುರುವಾಗಿ ಐದನ್ನು ದಾಟಿತ್ತು. ಯಾರೂ ಗಮನಿಸಿರಲಿಲ್ಲ. ಆರು. ಮೌನ. ಆ ಮೌನದಲ್ಲಿ ಸಭಾಂಗಣವೆಲ್ಲ ಅವಳತ್ತ ತಿರುಗಿ ಕೂತಿತ್ತು, ಮುಂದಿನ ಸಾಲುಗಳವರು ಗಾಯಕಿಗೆ ಬೆನ್ನು ಹಾಕಿ. "ಏಳು" ಎಂದಿತು ಪರದೆ. ಪೋಸ್ಟ್‌ಮಾಸ್ಟರು ಊರುಗೋಲು ಊರಿ ಎದ್ದರು. ಬ್ಯಾಂಕಿನವರು ಎದ್ದರು. ಕೋತಿ ಎಂದ ಹುಡುಗಿ ಎದ್ದು ಹೊರಗೇ ಹೋದಳು. ಅವಳ ಹಿಂದೆ ಇನ್ನಿಬ್ಬರು. ಹಲ್ಲಿನ ಡಾಕ್ಟರು ಬಹಳ ಹೊತ್ತು ಕೂತೇ ಇದ್ದರು, ಆಮೇಲೆ ಹಾಳೆಯನ್ನು ಜೇಬಿಗೆ ತುರುಕಿ ಎದ್ದರು. ಉದ್ದಕ್ಕ ಏಳಲಿಲ್ಲ. "ನಾನು ಎದ್ರೆ ಹಿಂದಿನವರಿಗೆ ಪರದೇನೇ ಇರಲ್ಲ," ಎಂದಳು.

ಹಾಡು ಮುಗಿದು ಎಲ್ಲರೂ ಕೂತರು. ಚಿತ್ರ ಮುಂದುವರಿಯಿತು, ಯಾವುದೋ ಊರಿನ ವಿಮಾನ ನಿಲ್ದಾಣ, ಗಾಯಕಿ ಪೆಟ್ಟಿಗೆ ಎಳೆದುಕೊಂಡು ನಡೆಯುತ್ತಿದ್ದಳು. ಮೊದಲಕ್ಕ ಇನ್ನೂ ನಿಂತೇ ಇದ್ದಳು. ಪಕ್ಕದ ದಾರಿಯಿಂದ ಚಿತ್ರಮಂದಿರದವನು ಟಾರ್ಚು ಹಿಡಿದು ಬಂದ.

"ಅಮ್ಮ, ಹಾಡು ಮುಗೀತು. ಕೂತ್ಕೊಳ್ಳಿ."

"ಕೂರ್ತೀನಪ್ಪ, ನನಗೆ ಕೂರಬೇಕು ಅನ್ನಿಸಿದಾಗ."

"ಹಿಂದಿನವರಿಗೆ ಕಾಣಲ್ಲ ಅಂತಿದ್ದಾರೆ."

"ನಾನು ಇರೋದೇ ಇಷ್ಟು. ಸ್ವಲ್ಪ ಆ ಕಡೆ ಬಾಗಿ ನೋಡಲಿ."

ಅವನು ಹಿಂದಿನ ಸಾಲುಗಳ ಕಡೆ ಟಾರ್ಚು ತಿರುಗಿಸಿದ, ಯಾರಾದರೂ ಈ ಹೆಂಗಸಿಗೆ ಬುದ್ಧಿ ಹೇಳಲಿ ಎಂಬಂತೆ. ಬೆಳಕು ಬಿದ್ದ ಕಡೆ ಮಗಳು ಕಣ್ಣು ಕಿರಿದು ಮಾಡಿ ಕೂತಿದ್ದಳು.

"ಅವರು ಕೂರಲ್ಲ ಸರ್, ಬಿಡಿ," ಎಂದಳು. "ನಮ್ಮಮ್ಮ."

ಅವಳ ಹಿಂದಿನವನು ಒಂದು ಪಕ್ಕಕ್ಕೆ ಬಾಗಿದ. ಅವನ ಹಿಂದಿನವಳೂ ಬಾಗಿದಳು.